ಕರಡ*

ಬೀದರಿನ ಚೌಬಾರಾದ ಬಳಿ, ಬೀಗ ರಿಪೇರಿ ಅಂಗಡಿಯ ಮೇಲೆ
ನಮ್ಮ ಕೋಣೆ. ಮೂರು ಕಂಪ್ಯೂಟರು, ಒಂದು ಸ್ಕ್ಯಾನರು.
ಗೋಡೆಯ ಕೆಂಪು ಮಣ್ಣು ಉದುರಿ ಉದುರಿ
ಕೀಲಿಮಣೆಯ ಸಂದಿಗೆಲ್ಲ ಇಳಿದಿದೆ.
ಹಳೆಯ ವಹಿಗಳ ಚಿತ್ರ ತೆಗೆದು ಗಿಟ್ಟಿಗೆ ಏರಿಸುವುದು ಕೆಲಸ:
ತಾಲ್ಲೂಕು, ಓರೆಗೆರೆ, ಊರು, ಓರೆಗೆರೆ,
ವಹಿ, ಓರೆಗೆರೆ, ಪುಟ.

ಯಾವುದನ್ನು ಬಿಡಬೇಕು ಎಂಬುದಕ್ಕೂ ಒಂದು ಕಡತ ಉಂಟು.
ಸಾಲಿಗೊಂದು ನಿಯಮ. ನಾನೇ ಬರೆದದ್ದು,
ಹೋದ ಶ್ರಾವಣದಲ್ಲಿ, ಕರೆಂಟು ಹೋಗುವ ಮೊದಲೇ ಮುಗಿಸುವ ಆತುರ.
ಕರಡು, ಕರಡು-ಎರಡು, ಕರಡಾದದ್ದು, ಕರಡೇ-ಇರಲಿ,
ರಿಹಾನಾ ಹೆಸರಿಡುವ ಪರಿಯೇ ಹಾಗೆ.
ಎಲ್ಲಕ್ಕೂ ಸೇರಿಸಿ ಒಂದೇ ಸಾಲು ಹಾಕಿದೆ:
ಕರಡ, ಅದರ ಬೆನ್ನಿಗೊಂದು ಚುಕ್ಕಿ.

ಆ ಚುಕ್ಕಿ ಆಕಾಶದ್ದಲ್ಲ.
ಏನೂ ಸಿಗದಿದ್ದರೂ ಸರಿ ಅನ್ನುತ್ತದೆ,
ಏನು ಸಿಕ್ಕರೂ ಮೇಯುತ್ತದೆ,
ಓರೆಗೆರೆ ಬಂದಾಗ ಮಾತ್ರ
ಹಗ್ಗ ಮುಗಿದ ಮೇಕೆಯ ಹಾಗೆ ನಿಲ್ಲುತ್ತದೆ.

ಮಂಗಳವಾರ ಸೋಜರಬಾಯಿ ಬಂದಳು,
ಔರಾದ ಕಡೆಯ ಬಸ್ಸಿಳಿದು, ಕರಡ್ಯಾವಾಡಿಯಿಂದ.
“ನಮ್ಮವ್ವ ಮಾಂಜ್ರಾದಾಗ ದೋಣಿ ಹಾಕ್ತಿದ್ಳ್ರಿ.
ದಾಟಿದವರ ಲೆಕ್ಕ ಇಟ್ಟಿದ್ದ ವಹಿ ನಿಮಗೇ ಕೊಟ್ಟೀನಿ.
ಈಗ ಒಂದ್ಸಲ ನೋಡಬೇಕಾಗ್ಯಾದ.”

ಹುಡುಕಿದೆ. ವಹಿಯಿಲ್ಲ. ವಹಿ ಹಾಗಿರಲಿ, ಊರೇ ಇಲ್ಲ.
ತಪ್ಪಾಗಿದೆ ಎಂದು ಯಂತ್ರ ಎಲ್ಲಿಯೂ ಹೇಳಿಲ್ಲ;
ಬಿಟ್ಟದ್ದನ್ನು ಬಿಟ್ಟೆ ಅನ್ನುವ ರೂಢಿ ಅದಕ್ಕಿಲ್ಲ.
ಸೋಜರಬಾಯಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ
ಪರದೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು.

ಕರಡ್ಯಾವಾಡಿ.
ಡ್ಯಾ ನಮಗೆ ಒಂದಕ್ಷರ, ನಾಲಗೆಯ ಒಂದೇ ತಿರುವು.
ಯಂತ್ರ ಅದನ್ನು ಬಿಚ್ಚಿ ಸಾಲಾಗಿ ಕೂರಿಸುತ್ತದೆ:
ಮೊದಲು ಡ, ಆಮೇಲೆ ಅದರ ಸ್ವರ ಕೊಯ್ಯುವ ಗುರುತು,
ಆಮೇಲೆ ಯ, ಕೊನೆಗೆ ದೀರ್ಘ.
ನಾನು ಬರೆದ ಡ ಅಲ್ಲಿ ತುಂಬಿಯೇ ಇತ್ತು.
ಮಿಕ್ಕದ್ದನ್ನು ಚುಕ್ಕಿ ಮೇಯ್ದಿತು,
ಕೊಯ್ದ ಸ್ವರ, ವಾಡಿ, ಮನೆಗಳು, ಘಾಟು.
ಆರು ತಿಂಗಳು ಒಂದು ಊರು
ರಿಹಾನಾಳ ಕಂಪ್ಯೂಟರಿನಲ್ಲಿ ಕರಡಾಗಿ ಬಿದ್ದಿತ್ತು.

ಕೆಳಗೆ ಇನ್ನೊಂದು ಸಾಲು ಸೇರಿಸಿದೆ.
ಮುಂದೊಂದು ಉದ್ಗಾರ ಚಿಹ್ನೆ ಇಟ್ಟು
ವಹಿಯನ್ನೇ ಹೆಸರು ಹಿಡಿದು ಕೂಗಿದೆ. ಬರಲಿಲ್ಲ.
ವಾಡೆಯ ಹೆಬ್ಬಾಗಿಲು ಹಾಕಿ ಅಗಳಿ ಜಡಿದ ಮೇಲೆ
ಒಳಕೋಣೆಯ ಕೂಸನ್ನು ಬೀದಿಯಿಂದ ಕರೆದರೆ
ಯಾರಿಗೆ ಕೇಳಬೇಕು?
ಮೊದಲು ಊರನ್ನು ಕರೆಯಬೇಕಿತ್ತು.
ಅದೂ ಚುಕ್ಕಿಯ ಸಾಲಿನ ಕೆಳಗೆ, ಮೇಲಲ್ಲ;
ಕೊನೆಗೆ ಆಡಿದವನ ಮಾತೇ ಮಾತು,
ಈ ವಿಷಯದಲ್ಲಿ ಇದು ನಮ್ಮ ಪಂಚಾಯ್ತಿಯೇ.

!ಕರಡ್ಯಾವಾಡಿ/

ಊರು ಬಂತು. ಊರೊಳಗಿನ ಕರಡುಗಳು ಹೊರಗೇ ಉಳಿದವು, ಸರಿಯಾಗಿ.
ಆ ಸಾಲಿನ ತಲೆಯ ಮೇಲೆ ಇನ್ನೊಂದು ಬರೆದೆ:
# ಇದು ಊರು. ಕರಡಲ್ಲ.
ಯಂತ್ರ ಇದನ್ನು ಓದುವುದಿಲ್ಲ, ಗೊತ್ತು.
ನಾಳೆ ಇಲ್ಲಿ ಕೂರುವವರು ಓದಲಿ, ಇಲ್ಲವೇ ನಾನೇ ಓದಲಿ.

ವಹಿ ತೆರೆಯಿತು.
ತಲೆಬರಹ ಮೋಡಿ ಲಿಪಿಯಲ್ಲಿ, ಗುತ್ತೇದಾರನದು.
ಅದರ ಕೆಳಗೆ ಅಕ್ಷರವೇ ಇಲ್ಲ.
ಗೀಟು, ಗೀಟು, ಜೋಡಿ ಗೀಟು, ಅಲ್ಲಲ್ಲಿ ಚುಕ್ಕಿ.
“ಅವ್ವಗ ಬರೀಲಿಕ್ಕ ಬರ್ತಿದ್ದಿಲ್ರಿ.
ಮನುಷ್ಯಾಗ ಒಂದು ಗೀಟು, ಎತ್ತಿಗೆ ಎರಡು.”
“ಚುಕ್ಕಿ?”
“ಪುಕ್ಕಟೆ ದಾಟಿಸಿದವರು.
ಯಾರ್ ಬೇಕಾದವ್ರು ಇರಬಹುದ್ರಿ, ಬಾಣಂತಿ, ಫಕೀರ,
ರೊಕ್ಕ ಕಳಕೊಂಡ ಹುಡುಗ್ರು.
ಹೆಸರು ಕೇಳ್ತಿದ್ದಿಲ್ಲ ಆಕಿ.”

ಪರದೆಗೆ ಬೆರಳು ಹಚ್ಚಿ ಚುಕ್ಕಿ ಎಣಿಸತೊಡಗಿದಳು.
ಹದಿನೇಳಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ.
ಕೆಳಗೆ ಬೀಗದವನು ಅರ ಹಾಕುತ್ತಿದ್ದ.
ಔರಾದ ಬಸ್ಸು ಹಾರ್ನು ಹೊಡೆದು ಹೊರಟದ್ದು
ಇಬ್ಬರಿಗೂ ಕೇಳಿಸಿತು.